ಕಾಸಿನ ಮಾತ್ರೆ, ಬಡವನ ಎದೆ

2025ರ ಜೂನ್-ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ನಾಡಿನ ತುಂಬ ಹಬ್ಬಿತು. ಸತ್ತವರಲ್ಲಿ ಎಳೆಯ ಪ್ರಾಯದವರಿದ್ದರು, ಆಟೊ ಮತ್ತು ಬಾಡಿಗೆ ಕಾರು ಓಡಿಸಿ ಹೊಟ್ಟೆ ಹೊರೆಯುವವರಿದ್ದರು. ಜನ ಹೆದರಿ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಹಿಂದಿನ ಕಾಲಕ್ಕೆ ಹೋಲಿಸಿದರೆ ಇದು ಅಸಾಧಾರಣವಾದ ಏರಿಕೆಯಲ್ಲ ಎಂದು ಸಮಿತಿ ಹೇಳಿತು. ಅಲ್ಲಿಗೆ ಪತ್ರಿಕೆಗಳು ಬೇರೆ ಸುದ್ದಿಗೆ ತಿರುಗಿದವು. ಸರ್ಕಾರಕ್ಕೂ ನಿಟ್ಟುಸಿರು ಬಂದಿರಬೇಕು.

ಅಸಾಧಾರಣವಲ್ಲ ಎಂಬ ಮಾತಿಗೆ ಅರ್ಥವೇನು? ಪ್ರತಿ ವರ್ಷವೂ ಹೆಚ್ಚು ಕಡಿಮೆ ಇಷ್ಟೇ ಜನ ಹೀಗೆಯೇ ಸಾಯುತ್ತಿದ್ದಾರೆ, ನಾವು ಎಣಿಸುತ್ತಿರಲಿಲ್ಲ ಎಂದು ತಾನೆ? ಲಸಿಕೆಯಿಂದ ಹೀಗಾಯಿತೋ, ತಿನ್ನುವ ಎಣ್ಣೆಯಿಂದ ಹೀಗಾಯಿತೋ ಎಂದು ದೂರದರ್ಶನದ ವಾಹಿನಿಗಳು ರಾತ್ರಿಯಿಡೀ ಕೂಗಾಡಿದವು. ಎದೆ ನೋವು ಬಂದ ಕೂಲಿಯವನ ಬಾಯಿಗೆ ಮೊದಲು ಬೀಳಬೇಕಾದ ಮಾತ್ರೆ ಯಾವುದು, ಅದರ ಬೆಲೆಯೆಷ್ಟು, ಅದು ಅವನ ಹಳ್ಳಿಯಲ್ಲಿ ದೊರೆಯುತ್ತದೆಯೆ ಎಂಬ ಪ್ರಶ್ನೆಗಳಿಗೆ ಆ ಕೂಗಾಟದಲ್ಲಿ ಜಾಗ ಸಿಕ್ಕಿದ್ದು ಬಹಳ ಕಡಿಮೆ. ಈ ಲೇಖನ ಆ ಮಾತ್ರೆಯನ್ನು ಕುರಿತದ್ದು.

ಅದರ ಹೆಸರು ಆಸ್ಪಿರಿನ್. ಹೊಸ ಹೆಸರೇನೂ ಅಲ್ಲ. ನಮ್ಮ ತಂದೆ ತಾತಂದಿರ ಕಾಲದಿಂದ ತಲೆನೋವಿಗೆ, ನೆಗಡಿ ಜ್ವರಕ್ಕೆ, ಮೈಕೈ ನೋವಿಗೆ ಗೂಡಂಗಡಿಯಲ್ಲಿ ಬೀಡಿ ಕಟ್ಟಿನ ಪಕ್ಕದಲ್ಲಿ ಸಿಗುತ್ತಿದ್ದ ಬಿಳಿ ಬಿಲ್ಲೆ. ಆಸ್ಪ್ರೊ ಎಂದೋ ಡಿಸ್ಪ್ರಿನ್ ಎಂದೋ ಊರ ಗೋಡೆಗಳ ಮೇಲೆ, ರೇಡಿಯೊದಲ್ಲಿ, ಸಿನಿಮಾ ಮಂದಿರದ ಪರದೆಯ ಮೇಲೆ ಕಂಪೆನಿಗಳು ಅದರ ಗುಣಗಾನ ಮಾಡುತ್ತಿದ್ದವು. ತಲೆನೋವಿನ ಮಾತ್ರೆಯೆಂದು ಅದು ಮೂಲೆ ಮೂಲೆಗೂ ಹೋಯಿತು. ಪ್ರಾಣ ಉಳಿಸುವ ಮಾತ್ರೆಯೆಂದು ಹೋಗಬೇಕಾದಾಗ ಮಾತ್ರ ಹೊರುವವರಿಲ್ಲದೆ ನಡುದಾರಿಯಲ್ಲಿ ನಿಂತಿತು. ಏಕೆ ಹೀಗಾಯಿತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಮಾತ್ರೆಯ ಮೂಲ ಒಂದು ಮರದ ತೊಗಟೆ. ಕ್ರಿಕೆಟ್ ಬ್ಯಾಟು ಮಾಡುತ್ತಾರಲ್ಲ, ಆ ವಿಲೋ ಜಾತಿಯ ಮರ. ಗ್ರೀಕರ ಕಾಲದಿಂದಲೂ ಅದರ ಕಷಾಯವನ್ನು ನೋವಿಗೆ ಕೊಡುತ್ತಿದ್ದರು. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿ ತೊಗಟೆಯನ್ನು ಒಣಗಿಸಿ ಪುಡಿ ಮಾಡಿ ಚಳಿಜ್ವರದವರಿಗೆ ಕೊಟ್ಟು, ಗುಣ ಕಂಡುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಮುಂದೆ ರಸಾಯನ ಶಾಸ್ತ್ರಜ್ಞರು ಅದರ ಸಾರವನ್ನು ಬೇರ್ಪಡಿಸಿದರು. 1853ರಲ್ಲಿ ಚಾರ್ಲ್ಸ್ ಗೆರ್ಹಾರ್ಟ್ ಎಂಬಾತ ಇಂದಿನ ಆಸ್ಪಿರಿನ್ನನ್ನು ಒರಟಾಗಿ ತಯಾರಿಸಿದ. 1897ರಲ್ಲಿ ಜರ್ಮನಿಯ ಬೇಯರ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಶುದ್ಧ ರೂಪದಲ್ಲಿ ಸಿದ್ಧವಾಯಿತು. 1899ರಲ್ಲಿ ಕಂಪೆನಿ ಅದಕ್ಕೆ ಆಸ್ಪಿರಿನ್ ಎಂದು ಹೆಸರಿಟ್ಟು, ಹೆಸರನ್ನು ತನ್ನ ಸ್ವತ್ತಾಗಿ ನೋಂದಾಯಿಸಿತು. ಪಾದ್ರಿ, ಗೆರ್ಹಾರ್ಟ್, ಹೆಸರಿಲ್ಲದ ನೂರಾರು ನಾಟಿ ವೈದ್ಯರು ದುಡಿದದ್ದು ಒಂದು ಕಡೆ, ಖಾತೆ ಆದದ್ದು ಇನ್ನೊಂದು ಕಡೆ. ಗೇಣಿ ಹೊಲದ ಕಥೆ ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪೆನಿಯೊಳಗೂ ಅದೇ ಕಥೆ. ಮಾತ್ರೆಯನ್ನು ಕಂಡುಹಿಡಿದವನು ಫೆಲಿಕ್ಸ್ ಹಾಫ್‌ಮನ್ ಎಂದು ಪುಸ್ತಕಗಳಲ್ಲಿದೆ. ಆದರೆ ಅದೇ ಪ್ರಯೋಗಶಾಲೆಯ ಆರ್ಥರ್ ಐಶೆನ್‌ಗ್ರೂನ್ ಎಂಬ ಯೆಹೂದಿ, ಆ ಕೆಲಸ ನಡೆದದ್ದು ತನ್ನ ನಿರ್ದೇಶನದಲ್ಲಿ ಎಂದು 1949ರಲ್ಲಿ ಬರೆದ. ಅಷ್ಟು ಹೊತ್ತಿಗೆ ಆತ ನಾಜಿಗಳ ಸೆರೆ ಶಿಬಿರವನ್ನು ಕಂಡು ಬದುಕಿ ಬಂದಿದ್ದ ಮುದುಕ. ಬ್ರಿಟನ್ನಿನ ವಾಲ್ಟರ್ ಸ್ನೀಡರ್ ಎಂಬ ವಿದ್ವಾಂಸರು 2000ದಲ್ಲಿ ಹಳೆಯ ದಾಖಲೆಗಳನ್ನು ಪರಿಶೀಲಿಸಿ ಐಶೆನ್‌ಗ್ರೂನನ ಮಾತೇ ಸರಿಯೆಂದು ವಾದಿಸಿದರು. ಕಂಪೆನಿ ಒಪ್ಪಲಿಲ್ಲ. ಇದೇ ಬೇಯರ್ 1925ರಲ್ಲಿ ಐ.ಜಿ. ಫಾರ್ಬೆನ್ ಎಂಬ ದೊಡ್ಡ ಕೂಟದಲ್ಲಿ ಸೇರಿತ್ತು. ಆ ಕೂಟ ಆಶ್‌ವಿಟ್ಜ್‌ನಲ್ಲಿ ಕೈದಿಗಳನ್ನು ಗುಲಾಮರಂತೆ ದುಡಿಸಿಕೊಂಡು ಕಾರ್ಖಾನೆ ಕಟ್ಟಿಸಿತು. ಆ ಅಪರಾಧಕ್ಕಾಗಿ ನ್ಯೂರೆಂಬರ್ಗಿನಲ್ಲಿ ಶಿಕ್ಷೆಯಾದ ಫ್ರಿಟ್ಸ್ ಟೆರ್ ಮೇರ್ ಎಂಬಾತ ಅವಧಿಗೆ ಮುಂಚೆಯೇ ಬಿಡುಗಡೆಯಾಗಿ 1956ರಲ್ಲಿ ಬೇಯರ್ ಕಂಪೆನಿಯ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷನಾದ. ಬಂಡವಾಳದ ನೆನಪಿನ ಶಕ್ತಿ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಆಸ್ಪಿರಿನ್ ಬಹುಕಾಲ ಅವರ ಕೈಯಲ್ಲಿ ಉಳಿಯಲಿಲ್ಲ. ಬ್ರಿಟನ್ನಿನ ನ್ಯಾಯಾಲಯ 1905ರಲ್ಲಿ ಅವರ ಪೇಟೆಂಟನ್ನು ಅಲ್ಲಿ ರದ್ದು ಮಾಡಿತು. ಅಮೆರಿಕೆಯಲ್ಲಿ ಪೇಟೆಂಟಿನ ಅವಧಿ 1917ಕ್ಕೆ ಮುಗಿಯಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಬೇಯರ್‌ನ ಅಲ್ಲಿನ ಆಸ್ತಿಯನ್ನು ಶತ್ರುಗಳ ಆಸ್ತಿಯೆಂದು ಮುಟ್ಟುಗೋಲು ಹಾಕಿಕೊಂಡು 1918ರಲ್ಲಿ ಹರಾಜು ಹಾಕಿತು. ಕೆನಡಾ, ಜರ್ಮನಿ ಮೊದಲಾದ ಕೆಲವು ದೇಶಗಳಲ್ಲಿ ಹೆಸರು ಇಂದಿಗೂ ಬೇಯರ್‌ನದೇ ಆದರೂ, ಮಾತ್ರೆಯನ್ನು ತಯಾರಿಸುವ ವಿದ್ಯೆ ಲೋಕದ ಸ್ವತ್ತಾಯಿತು. ಯಾರು ಬೇಕಾದರೂ ಮಾಡಬಹುದು, ಯಾರು ಬೇಕಾದರೂ ಮಾರಬಹುದು.

ವಿಚಿತ್ರವೆಂದರೆ, ಅದರ ಅತ್ಯಂತ ದೊಡ್ಡ ಗುಣ ಲೋಕಕ್ಕೆ ತಿಳಿದದ್ದು ಅದು ಹೀಗೆ ಯಾರ ಸ್ವತ್ತೂ ಅಲ್ಲದಂತಾದ ಮೇಲೆ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಕ್ರೇವನ್ ಎಂಬ ಸಾಮಾನ್ಯ ವೈದ್ಯನಿದ್ದ. ಗಂಟಲಿನ ಗಡ್ಡೆ ತೆಗೆಸಿಕೊಂಡವರಿಗೆ ನೋವು ಶಮನಕ್ಕೆಂದು ಆಸ್ಪಿರಿನ್ ಬೆರೆಸಿದ ಅಂಟನ್ನು ಅಗಿಯಲು ಕೊಡುತ್ತಿದ್ದ. ಹೆಚ್ಚು ಅಗಿದವರಿಗೆ ರಕ್ತ ನಿಲ್ಲದೆ ಸೋರುತ್ತಿದ್ದುದನ್ನು ಕಂಡ. ರಕ್ತ ಹೆಪ್ಪುಗಟ್ಟದಂತೆ ಈ ಮಾತ್ರೆ ತಡೆಯುವುದಾದರೆ, ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಆಗುವ ಆಘಾತವನ್ನೂ ತಡೆಯಬೇಕಲ್ಲ ಎಂದು ಅವನಿಗೆ ಹೊಳೆಯಿತು. ತನ್ನಲ್ಲಿಗೆ ಬರುವ ಗಂಡಸರಿಗೆ ಕೊಟ್ಟು ನೋಡಿ, 1950ರಿಂದ 1956ರವರೆಗೆ ಸಣ್ಣ ಸಣ್ಣ ಪತ್ರಿಕೆಗಳಲ್ಲಿ ಬರೆದ. ಅವನ ಪರೀಕ್ಷೆ ಕಟ್ಟುನಿಟ್ಟಾಗಿರಲಿಲ್ಲವೆಂಬುದು ನಿಜ. ಆದರೆ ಕಟ್ಟುನಿಟ್ಟಾಗಿ ಪರೀಕ್ಷಿಸಬಲ್ಲ ದೊಡ್ಡವರು ಆಗ ಯಾರೂ ತಿರುಗಿ ನೋಡಲಿಲ್ಲ. 1957ರಲ್ಲಿ ಕ್ರೇವನ್ ಹೃದಯಾಘಾತದಿಂದಲೇ ತೀರಿಕೊಂಡ. ಮಾತ್ರೆ ತಿಂದವನೂ ಸಾಯುತ್ತಾನೆ ಎಂದು ನಕ್ಕವರು ಇದ್ದಿರಬಹುದು.

1971ರಲ್ಲಿ ಜಾನ್ ವೇನ್ ಎಂಬ ಬ್ರಿಟಿಷ್ ವಿಜ್ಞಾನಿ ಈ ಮಾತ್ರೆ ಕೆಲಸ ಮಾಡುವ ಬಗೆಯನ್ನು ತೋರಿಸಿಕೊಟ್ಟರು. ನೋವು, ಊತ, ಜ್ವರಗಳನ್ನು ಹೊತ್ತಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ನಮ್ಮ ಶರೀರದಲ್ಲಿ ಹುಟ್ಟುತ್ತವೆ. ಅವು ಹುಟ್ಟದಂತೆ ಆಸ್ಪಿರಿನ್ ತಡೆಯುತ್ತದೆ. ಇದಕ್ಕಾಗಿ ಅವರಿಗೆ 1982ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂದಿತು. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳಿವೆ. ಡೆಂಗ್ಯೂ ಬಂದಾಗ ಎಷ್ಟು ಇಳಿದಿದೆ ಎಂದು ಎಲ್ಲರೂ ಎಣಿಸುತ್ತಾರಲ್ಲ, ಅವೇ. ಗಾಯವಾದಾಗ ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುವುದು ಅವುಗಳ ಕೆಲಸ. ಕೊಬ್ಬು ಕಟ್ಟಿದ ಹೃದಯದ ನಾಳ ಒಡೆದಾಗಲೂ ಅವು ಗಾಯವೆಂದೇ ತಿಳಿದು ಅಂಟಿಕೊಂಡು ನಾಳವನ್ನೇ ಮುಚ್ಚಿಬಿಡುತ್ತವೆ. ಅದೇ ಹೃದಯಾಘಾತ. ಒಮ್ಮೆ ಆಸ್ಪಿರಿನ್ ತಗುಲಿದ ಪ್ಲೇಟ್‌ಲೆಟ್ ತಾನು ಬದುಕಿರುವ ಎಂಟು ಹತ್ತು ದಿನವೂ ಮೊದಲಿನಂತೆ ಅಂಟಲಾರದು. ಆದುದರಿಂದಲೇ ತಲೆನೋವಿಗೆ 300, 600 ಮಿಲಿಗ್ರಾಂ ಬೇಕಾದರೆ, ಹೃದಯದ ಕಾವಲಿಗೆ ದಿನಕ್ಕೆ 75 ಮಿಲಿಗ್ರಾಂ ಸಾಕು.

ಕಟ್ಟುನಿಟ್ಟಾದ ಪರೀಕ್ಷೆಯೂ ಕಡೆಗೆ ನಡೆಯಿತು. ಆಕ್ಸ್‌ಫರ್ಡಿನವರು ನಡೆಸಿ 1988ರಲ್ಲಿ ಪ್ರಕಟಿಸಿದ ಐಸಿಸ್-2 ಎಂಬ ಪರೀಕ್ಷೆಯಲ್ಲಿ 417 ಆಸ್ಪತ್ರೆಗಳ 17,187 ರೋಗಿಗಳಿದ್ದರು. ಎಲ್ಲರೂ ಹೃದಯಾಘಾತದ ಶಂಕೆಯಿಂದ ಬಂದವರು. ಅರ್ಧ ಜನಕ್ಕೆ ದಿನಕ್ಕೆ 162.5 ಮಿಲಿಗ್ರಾಂ ಆಸ್ಪಿರಿನ್ ಒಂದು ತಿಂಗಳು ಕೊಟ್ಟರು, ಉಳಿದವರಿಗೆ ಸತ್ವವಿಲ್ಲದ ಹುಸಿ ಮಾತ್ರೆ. ಐದು ವಾರ ಕಳೆದಾಗ ಹುಸಿ ಮಾತ್ರೆಯವರಲ್ಲಿ ನೂರಕ್ಕೆ 11.8 ಜನ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸತ್ತಿದ್ದರು, ಆಸ್ಪಿರಿನ್ ತಿಂದವರಲ್ಲಿ 9.4. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಚುಚ್ಚುಮದ್ದನ್ನೂ ಜೊತೆಗೆ ಕೊಟ್ಟವರಲ್ಲಿ ಸತ್ತವರು 8, ಎರಡೂ ಸಿಗದವರಲ್ಲಿ 13.2. ಲೆಕ್ಕದ ಮೇಷ್ಟರ ಹಳೆಯ ಚಾಳಿಯಿಂದ ಹೇಳುತ್ತೇನೆ: ಬರಿಯ ಮಾತ್ರೆಯೊಂದೇ ಸಾವಿರ ಜನರಲ್ಲಿ 24 ಮಂದಿಯನ್ನು ಉಳಿಸಿತು. ಮಾತ್ರೆ ಮತ್ತು ಚುಚ್ಚುಮದ್ದು ಸೇರಿ 52 ಮಂದಿಯನ್ನು.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಆಗುತ್ತಿರುವುದೇನು? ಎದೆಯ ನಡುವೆ ಕಲ್ಲು ಹೇರಿದಂತೆ ನೋವು, ಎಡ ತೋಳಿಗೋ ದವಡೆಗೋ ಬೆನ್ನಿಗೋ ಹರಿಯುತ್ತದೆ, ಮೈ ಬೆವರುತ್ತದೆ. ಗ್ಯಾಸ್ ಎಂದು ಸೋಡಾ ಕುಡಿಸುತ್ತಾರೆ. ಓಮದ ಕಷಾಯ ಮಾಡುತ್ತಾರೆ. ಬೆನ್ನು ನೀವುತ್ತಾರೆ. ಬೆಳಗಾಗಲಿ ನೋಡೋಣ ಎನ್ನುತ್ತಾರೆ. ಹೆಂಗಸಾದರಂತೂ ಸುಸ್ತು, ಓಕರಿಕೆ ಎಂದು ಅಡಿಗೆ ಮನೆಯಲ್ಲೇ ಕುಳಿತಿರುತ್ತಾಳೆ. ಹೆಂಗಸರಲ್ಲಿ ಎಷ್ಟೋ ಸಲ ಎದೆ ನೋವಿಗಿಂತ ಈ ಲಕ್ಷಣಗಳೇ ಮುಂದಾಗಿರುತ್ತವೆ. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಎರಡು. ತಡಮಾಡದೆ 108ಕ್ಕೆ ಫೋನು ಮಾಡಿ ಇ.ಸಿ.ಜಿ. ತೆಗೆಯುವ ಆಸ್ಪತ್ರೆಗೆ ಹೊರಡಿಸುವುದು. ಗಾಡಿ ಬರುವುದರೊಳಗೆ 300 ಅಥವಾ 325 ಮಿಲಿಗ್ರಾಂನ ಒಂದು ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಿಸುವುದು. ನೀರಿನಲ್ಲಿ ಕರಗುವ ಬಗೆಯದಾದರೆ ಕರಗಿಸಿ ಕುಡಿಸಬಹುದು. ಮನೆಯಲ್ಲಿ 75ರ ಸಣ್ಣ ಮಾತ್ರೆಯಷ್ಟೇ ಇದ್ದರೆ ನಾಲ್ಕನ್ನು ಅಗಿಯಬೇಕು. ಇಡಿಯಾಗಿ ನುಂಗಿದರೆ ಕರಗುವುದು ತಡ.

ಇದರ ಜೊತೆಗೇ ಹೇಳಬೇಕಾದ ಎಚ್ಚರಿಕೆಯನ್ನು ಮರೆಯಬಾರದು. ಆಸ್ಪಿರಿನ್ ಒಗ್ಗದೆ ಮೈ ದದ್ದು ಬರುವವರಿಗೆ, ಉಬ್ಬಸ ಕೆರಳುವವರಿಗೆ, ಹೊಟ್ಟೆಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ ಇದನ್ನು ಕೊಡಬಾರದು. ಬಾಯಿ ಸೊಟ್ಟಗಾಗಿ ಕೈಕಾಲು ಬಿದ್ದುಹೋದ ಲಕ್ವದವರಿಗೆ ತಲೆಯ ಸ್ಕ್ಯಾನ್ ಆಗುವ ಮೊದಲು ಕೊಡಲೇಕೂಡದು. ಮೆದುಳಿನಲ್ಲಿ ರಕ್ತ ಸುರಿದು ಆದ ಲಕ್ವವಾಗಿದ್ದರೆ ಅಪಾಯ ಹೆಚ್ಚುತ್ತದೆ. ಮಾತ್ರೆ ತಿಂದೆವು, ನೋವು ಇಳಿಯಿತು ಎಂದು ಮನೆಯಲ್ಲಿ ಮಲಗಿಬಿಡುವುದೂ ಸಾವಿಗೆ ದಾರಿಯೇ. ಮಾತ್ರೆ ಆಸ್ಪತ್ರೆಗೆ ಬದಲಿಯಲ್ಲ.

ಒಮ್ಮೆ ಆಘಾತವಾಗಿ ಬದುಕಿ ಬಂದವನ ವಿಷಯ ಬೇರೆ. ಅವನು ಪ್ರತಿ ದಿನವೂ, ಬಹುತೇಕ ಜೀವಮಾನವಿಡೀ, ವೈದ್ಯರು ಹೇಳಿದಂತೆ ಸಣ್ಣ ಪ್ರಮಾಣದ ಆಸ್ಪಿರಿನ್ ತಿನ್ನುತ್ತಿರಬೇಕು. ತಿನ್ನುತ್ತಿದ್ದಾನೆಯೆ? 17 ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಮನೆಗೆ ಹೋಗಿ ವಿಚಾರಿಸಿದ ಪ್ಯೂರ್ ಎಂಬ ಅಧ್ಯಯನದ ಫಲ 2011ರಲ್ಲಿ ಪ್ರಕಟವಾಯಿತು. ಅದರ ಮುಂದಾಳು ಡಾ. ಸಲೀಂ ಯೂಸುಫ್ ವೈದ್ಯ ವಿದ್ಯೆ ಕಲಿತದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಹೃದ್ರೋಗ ಅಥವಾ ಲಕ್ವ ಆಗಿದೆಯೆಂದು ಗೊತ್ತಿರುವವರಲ್ಲಿ ಆಸ್ಪಿರಿನ್ನಿನಂಥ ಔಷಧ ತಿನ್ನುತ್ತಿದ್ದವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 62, ಬಡ ದೇಶಗಳಲ್ಲಿ ನೂರಕ್ಕೆ 8.8. ಆಗ ಭಾರತವನ್ನು ಬಡ ದೇಶಗಳ ಪಟ್ಟಿಯಲ್ಲೇ ಸೇರಿಸಿದ್ದರು. ಇದಕ್ಕೆ ಮೂರು ವರ್ಷ ಮೊದಲು, 2008ರಲ್ಲಿ, ಅದೇ ಸೇಂಟ್ ಜಾನ್ಸ್‌ನ ವೈದ್ಯರು ಇತರರೊಡನೆ ಸೇರಿ ಭಾರತದ ಆಸ್ಪತ್ರೆಗಳಲ್ಲಿ ಹೃದಯಾಘಾತದಿಂದ ದಾಖಲಾದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ಪ್ರಕಟಿಸಿದ್ದರು. ಮೂವತ್ತು ದಿನಗಳಲ್ಲಿ ಸತ್ತವರು ಸಿರಿವಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಚಿಕಿತ್ಸೆಯಲ್ಲಿದ್ದ ವ್ಯತ್ಯಾಸವನ್ನು ಲೆಕ್ಕದಿಂದ ತೆಗೆದು ನೋಡಿದರೆ ಈ ಅಂತರ ಬಹುಮಟ್ಟಿಗೆ ಕಾಣೆಯಾಗುತ್ತದೆಂದು ಅವರೇ ತೋರಿಸಿದರು. ಎಂದರೆ ಬಡವನ ಹೃದಯ ಬೇರೆ ಮಣ್ಣಿನಿಂದ ಮಾಡಿದ್ದಲ್ಲ. ಅವನಿಗೆ ಕೊಟ್ಟ ಔಷಧವೇ ಬೇರೆ.

ನಮ್ಮ ಕಡೆಯವರಿಗೆ ಇಂಥ ಸಂಗತಿ ಕೇಳಿದೊಡನೆ ಬೆಲೆ, ಬೆಲೆ ಎಂದು ಕೂಗುವ ರೂಢಿ ಇದೆ. ಕಾರ್ಖಾನೆಯ ಮಾಲಿನ ಮಾರಾಟದ ಬೆಲೆ ತಯಾರಿಕೆಯ ಖರ್ಚಿನ ಒಂದೂವರೆ ಪಟ್ಟು ಮೀರಬಾರದೆಂದು ಲೋಹಿಯಾ ಹೇಳಿದ್ದನ್ನು ನಾವು ಬಾಯಿಪಾಠ ಮಾಡಿದ್ದೇವೆ. ಬೇರೆ ಔಷಧಗಳಿಗೆ ಆ ಮಾತು ಬೇಕೇ ಬೇಕು. ಆದರೆ ಇಲ್ಲಿ ಅದು ಸಾಲದು. 75 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಗೆ ಇಂದು ಒಂದು ರೂಪಾಯಿಯೂ ಇಲ್ಲ. ಒಂದು ಬೀಡಿ ಕಟ್ಟಿನ ದುಡ್ಡಿನಲ್ಲಿ ಎಷ್ಟೋ ದಿನ ಸಾಗುತ್ತದೆ. ಬೆಲೆ ಇಷ್ಟು ಕಡಿಮೆಯಿದ್ದೂ ಬಡವನ ಬಾಯಿಗೆ ಬೀಳದಿದ್ದರೆ, ರೋಗ ಬೇರೆ ಎಲ್ಲೋ ಇದೆ.

ರೋಗ ಇರುವುದು ಇಲ್ಲಿ. ಯಾರ ಸ್ವತ್ತೂ ಅಲ್ಲದ, ಲಾಭ ತೀರ ಕಡಿಮೆಯಾದ ಮಾತ್ರೆಯನ್ನು ಹಳ್ಳಿಗೆ ಹೊತ್ತು ಹೋಗಿ, ಏಕೆ ತಿನ್ನಬೇಕೆಂದು ತಿಳಿಸಿ, ತಿಂಗಳು ತಿಂಗಳೂ ತಲುಪಿಸುವ ಕೆಲಸದಲ್ಲಿ ಯಾವ ಕಂಪೆನಿಗೂ ಆಸಕ್ತಿಯಿಲ್ಲ. ತಲೆನೋವಿನ ಮಾತ್ರೆ ಮಾರುವಾಗ ಗೋಡೆ ಗೋಡೆಗೆ ಬಣ್ಣ ಬಳಿದವರು, ಎದೆ ನೋವಿಗೆ ಅದನ್ನೇ ಅಗಿಯಿರಿ ಎಂದು ಒಂದು ಗೋಡೆಗಾದರೂ ಬರೆದದ್ದನ್ನು ನಾನು ಕಂಡಿಲ್ಲ. ಪೇಟೆಯಲ್ಲಿ ಮಾರುವವರೂ ಬರಿಯ ಆಸ್ಪಿರಿನ್ ಮಾರುವುದಕ್ಕಿಂತ ಅದಕ್ಕೆ ಇನ್ನೊಂದೆರಡು ಔಷಧ ಬೆರೆಸಿ, ಹೊಸ ಹೆಸರಿಟ್ಟು, ಹೊಳೆಯುವ ಕವಚ ತೊಡಿಸಿ ಹಲವು ಪಟ್ಟು ಬೆಲೆಗೆ ಮಾರಲು ಇಷ್ಟಪಡುತ್ತಾರೆ. ಕೆಲವು ರೋಗಿಗಳಿಗೆ ಆ ಬೆರಕೆ ಬೇಕಾಗಿಯೇ ಇರಬಹುದು. ಆದರೆ ಚೀಟಿಯಲ್ಲಿ ಕಂಪೆನಿಯ ಹೆಸರು ಮಾತ್ರ ಇದ್ದರೆ ಅದರೊಳಗೆ ಆಸ್ಪಿರಿನ್ ಇದೆಯೆಂದೇ ರೋಗಿಗೆ ತಿಳಿಯುವುದಿಲ್ಲ. ಆ ಹೆಸರಿನ ಮಾತ್ರೆ ಅಂಗಡಿಯಲ್ಲಿ ಇಲ್ಲವೆಂದರೆ ಸುಮ್ಮನೆ ಹಿಂದಿರುಗುತ್ತಾನೆ.

ಈ ಹೆಸರಿನ ಮೋಸವನ್ನು ಕೊನೆಗಾಣಿಸಲು ಒಮ್ಮೆ ಪ್ರಯತ್ನ ನಡೆದಿತ್ತು ಎಂಬುದನ್ನು ಇಂದಿನ ತರುಣರು ಬಹಳ ಮಂದಿ ಬಲ್ಲರೆಂದು ತೋರುವುದಿಲ್ಲ. 1975ರಲ್ಲಿ ಹಾಥಿ ಸಮಿತಿ ಔಷಧಗಳನ್ನು ಕಂಪೆನಿಗಳ ಹೆಸರಿನಿಂದಲ್ಲ, ಮೂಲ ಹೆಸರಿನಿಂದಲೇ ಮಾರುವಂತಾಗಬೇಕೆಂದು ವರದಿ ಕೊಟ್ಟಿತು. ಸಮಾಜವಾದಿಗಳೂ ಪಾಲುಗೊಂಡಿದ್ದ ಜನತಾ ಸರ್ಕಾರ 1978ರ ಔಷಧ ನೀತಿಯಲ್ಲಿ ಐದು ಔಷಧಗಳಿಂದ ಇದನ್ನು ಆರಂಭಿಸಲು ನಿಶ್ಚಯಿಸಿತು. ಆ ಐದರಲ್ಲಿ ಆಸ್ಪಿರಿನ್ ಒಂದು. ಕಂಪೆನಿಗಳು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದವು, ಸರ್ಕಾರದ ಆಜ್ಞೆ ಬಿದ್ದುಹೋಯಿತು. ಐದೇ ಐದು ಔಷಧ, ಅದರಲ್ಲೂ ಕಾಸಿನ ಬೆಲೆಯ ಆಸ್ಪಿರಿನ್! ಅಷ್ಟಕ್ಕೇ ಅವರು ಹೀಗೆ ಹೋರಾಡಿದರೆಂದರೆ, ಹೆಸರಿನಲ್ಲಿ ಎಷ್ಟು ಹಣವಿದೆಯೆಂದು ಊಹಿಸಬಹುದು. ಆಮೇಲೆ ಬಂದ ಸರ್ಕಾರಗಳು ಜನೌಷಧಿ ಅಂಗಡಿಗಳನ್ನು 2008ರಿಂದ ತೆರೆದಿವೆ. ಒಳ್ಳೆಯದೇ. ಆದರೆ ಅಂಗಡಿ ಇರುವುದು ಬಹುಮಟ್ಟಿಗೆ ಪೇಟೆಯಲ್ಲಿ, ಹೃದಯ ನಿಲ್ಲುವುದು ಎಲ್ಲೆಂದರಲ್ಲಿ.

ಈ ಮಧ್ಯೆ ಮಾತ್ರೆ ಬೇಡದವರು ಅದನ್ನು ತಿನ್ನುತ್ತಿರುವುದು ಇನ್ನೊಂದು ವಿಪರೀತ. ಐವತ್ತು ದಾಟಿದ ಪೇಟೆಯ ಅನುಕೂಲಸ್ಥರಲ್ಲಿ, ಯಾವ ಹೃದ್ರೋಗವೂ ಇಲ್ಲದಿದ್ದರೂ, ಮುಂಜಾಗ್ರತೆಗೆಂದು ದಿನಕ್ಕೊಂದು ಆಸ್ಪಿರಿನ್ ನುಂಗುವ ಅಭ್ಯಾಸ ಕೆಲವರಿಗಿದೆ. 2018ರಲ್ಲಿ ಪ್ರಕಟವಾದ ಆಸ್ಪ್ರೀ ಎಂಬ ಪರೀಕ್ಷೆಯಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ವೃದ್ಧರನ್ನು ನೋಡಿದಾಗ, ಹೀಗೆ ತಿಂದವರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಹೃದಯಾಘಾತ ಆಗದವರು ವೈದ್ಯರನ್ನು ಕೇಳದೆ ದಿನವೂ ಇದನ್ನು ತಿನ್ನುವುದು ಸಲ್ಲದು. ಬೇಕಾದವನಿಗೆ ಇಲ್ಲ, ಬೇಡದವನಿಗೆ ದಿನಕ್ಕೊಂದು! ನಮ್ಮ ಸಮಾಜದಲ್ಲಿ ಅನ್ನ ಹಂಚಿಕೆಯಾಗಿರುವಂತೆಯೇ ಮಾತ್ರೆಯೂ ಹಂಚಿಕೆಯಾಗಿದೆ.

ಇನ್ನು ದುಡಿಯುವ ಜನರ ಮೈಕೈ ನೋವಿನ ಮಾತ್ರೆಗಳ ವಿಷಯ. ಕಬ್ಬು ಕಡಿಯುವವರು, ಕಲ್ಲು ಒಡೆಯುವವರು, ಇಟ್ಟಿಗೆ ಹೊರುವ ಹೆಂಗಸರು ರಾತ್ರಿಯ ನೋವು ಮುಚ್ಚಿಕೊಂಡು ಬೆಳಗ್ಗೆ ಕೂಲಿಗೆ ಹೋಗಲು ಅಂಗಡಿಯವನು ಕೊಟ್ಟ ಯಾವುದೋ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನುಂಗುತ್ತಾರೆ. ಇಂದು ಅದು ಆಸ್ಪಿರಿನ್ ಆಗಿರುವುದು ಕಡಿಮೆ, ಡೈಕ್ಲೊಫೆನಾಕ್‌ನಂಥ ಅದರ ಬಳಗದ ಕಟುವಾದ ಮಾತ್ರೆಗಳೇ ಹೆಚ್ಚು. ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ, ಹೃದಯಕ್ಕೂ ಕೇಡು. ಅವರಿಗೆ ಬೇಕಾದದ್ದು ವಾರಕ್ಕೊಂದು ದಿನದ ಸಂಬಳದ ರಜೆ ಮತ್ತು ಹೊರೆಗೊಂದು ಮಿತಿ. ಅದನ್ನು ಕೊಡದ ಮಾಲೀಕರ ಬದಲಿಗೆ ಅಂಗಡಿಯವನು ಮಾತ್ರೆ ಕೊಡುತ್ತಾನೆ. ಈ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಮಳೆಗಾಲದಲ್ಲಿ ನೆನಪಿಡಬೇಕಾದ ಮತ್ತೊಂದು ಮಾತು. ಡೆಂಗ್ಯೂ ಇರಬಹುದೆಂಬ ಜ್ವರದಲ್ಲಿ ಆಸ್ಪಿರಿನ್ ಮುಟ್ಟಬಾರದು, ರಕ್ತಸ್ರಾವಕ್ಕೆ ದಾರಿ. ಪ್ಯಾರಾಸಿಟಮಾಲ್ ಮಾತ್ರ ಸರಿ. ಮಕ್ಕಳ ಜ್ವರಕ್ಕೂ ಆಸ್ಪಿರಿನ್ ಕೊಡಬಾರದು. ಸೀತಾಳೆ ಸಿಡುಬು, ಫ್ಲೂ ಜ್ವರಗಳಲ್ಲಿ ಅದನ್ನು ತಿಂದ ಮಕ್ಕಳಿಗೆ ಮೆದುಳು ಮತ್ತು ಪಿತ್ತಜನಕಾಂಗ ಕೆಡುವ ರೈ ಎಂಬ ಮಾರಕ ಬೇನೆ ಬರುವುದುಂಟು. ಇದು ತಿಳಿದ ಮೇಲೆ ಅಮೆರಿಕೆಯಲ್ಲಿ 1986ರಿಂದ ಎಚ್ಚರಿಕೆಯನ್ನು ಪೊಟ್ಟಣದ ಮೇಲೆಯೇ ಅಚ್ಚು ಹಾಕಿಸಿದರು. ಬಸುರಿಯರಲ್ಲಿ ರಕ್ತದೊತ್ತಡ ಏರಿ, ಮೈ ಊದಿ, ಫಿಟ್ಸ್ ಬಂದು ತಾಯಿ ಮಗು ಇಬ್ಬರನ್ನೂ ಕೊಲ್ಲುವ ರೋಗದ ಅಪಾಯ ಹೆಚ್ಚಾಗಿದ್ದವರಿಗೆ ಮಾತ್ರ ಮೂರು ತಿಂಗಳ ಸುಮಾರಿನಿಂದ 75 ಮಿಲಿಗ್ರಾಂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದನ್ನು ವೈದ್ಯರೇ ನೋಡಿ ಕೊಡತಕ್ಕದ್ದು. ಹಳ್ಳಿಯ ಬಸುರಿಯರಲ್ಲಿ ಅಪಾಯ ಯಾರಿಗಿದೆಯೆಂದು ಮೂರು ತಿಂಗಳೊಳಗೆ ರಕ್ತದೊತ್ತಡ ಅಳೆದು ನೋಡಿದರೆ ತಾನೆ ಗೊತ್ತಾಗುವುದು!

ರಾಜ್ಯ ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಪ್ರಕಟವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಅದು. ಸ್ವಾಗತಾರ್ಹ. ಆದರೆ ಹಳ್ಳಿಯಿಂದ ತಾಲ್ಲೂಕಿಗೆ ಬರುವ ಒಂದೆರಡು ಗಂಟೆಯ ದಾರಿಯಲ್ಲಿ ರೋಗಿಯ ಬಾಯಲ್ಲಿ ಏನಿರಬೇಕು? ಆಸ್ಪತ್ರೆಯಿಂದ ಹೊರಬಂದ ಮೇಲೆ ಮುಂದಿನ ಇಪ್ಪತ್ತು ವರ್ಷ ಏನು? ಆಯುಷ್ಮಾನ್ ಭಾರತದ ನಿಯಮದಂತೆ ಬಿಡುಗಡೆಯಾದ ಮೇಲೆ 15 ದಿನದ ಔಷಧದ ಖರ್ಚು ಯೋಜನೆಗೆ ಸೇರಿದೆ. ಹದಿನಾರನೆಯ ದಿನ? ದುಬಾರಿ ಸ್ಟೆಂಟು ಹಾಕಿಸಿಕೊಂಡು ಬಂದವನು ಬಿಡಿಗಾಸಿನ ಮಾತ್ರೆ ನಿಲ್ಲಿಸಿದರೆ ಆ ಸ್ಟೆಂಟೊಳಗೇ ರಕ್ತ ಹೆಪ್ಪುಗಟ್ಟುವುದುಂಟು. ಸ್ಟೆಂಟಿಗೆ ಬಿಲ್ಲಿದೆ, ಉದ್ಘಾಟನೆಯಿದೆ, ಮಂತ್ರಿಯ ಭಾವಚಿತ್ರವಿದೆ. ಮಾತ್ರೆಗೆ ಯಾರೂ ರಿಬ್ಬನ್ನು ಕತ್ತರಿಸುವುದಿಲ್ಲ.

ಆದುದರಿಂದ ನಮ್ಮ ತಾಲ್ಲೂಕು ಸಮಿತಿಗಳ ಕಾರ್ಯಕರ್ತರಿಗೆ ಈ ಕೆಲಸ ಸೂಚಿಸುತ್ತೇನೆ. ಮುಂದಿನ ಗ್ರಾಮಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಗೌರವದಿಂದಲೇ ಕೇಳಿ. 75ರ ಆಸ್ಪಿರಿನ್ ಕಳೆದ ವರ್ಷ ಎಷ್ಟು ದಿನ ದಾಸ್ತಾನಿನಲ್ಲಿ ಇರಲಿಲ್ಲ? ಅಗಿಯತಕ್ಕ 300ರದು ಇದೆಯೆ? ಈ ಪಂಚಾಯಿತಿಯಲ್ಲಿ ಹೃದಯಾಘಾತವಾಗಿ ಬದುಕಿರುವವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಜನ ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ಯುತ್ತಾರೆ, ಬಾರದವರ ಮನೆಗೆ ಹೋದವರು ಯಾರು? ಆಶಾ ಕಾರ್ಯಕರ್ತೆಯ ಚೀಲದಲ್ಲಿ, ಶಾಲೆಯ ಮೇಷ್ಟರ ಮೇಜಿನಲ್ಲಿ, ಹಾಲು ಡೈರಿಯಲ್ಲಿ, ಸರ್ಕಾರಿ ಬಸ್ಸಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಒಂದೊಂದು ಪಟ್ಟಿ ಇಡಲು ಪಂಚಾಯಿತಿಗೆ ಖರ್ಚಾಗುವುದೆಷ್ಟು? ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದು ಅಂಟಿಸುವವರು ಯಾರು? ಬಾಯಲ್ಲಿ ಕೊಟ್ಟ ಉತ್ತರಕ್ಕೆ ಒಪ್ಪಬೇಡಿ. ದಾಸ್ತಾನು ಪುಸ್ತಕವನ್ನು ಸಭೆಗೆ ತರಿಸಿ, ಓದಿಸಿ, ತಿಂಗಳುವಾರು ಅಂಕಿಗಳನ್ನು ಬರೆದುಕೊಂಡು ನಮ್ಮ ಕಚೇರಿಗೆ ಕಳುಹಿಸಿ.